ಎರಡು ಅರ್ಧ ಉಂಗುರ

ಸುಗಟೂರು ದಾಟಿ ಮಣ್ಣು ದಾರಿಗೆ ಇಳಿದರೆ ಒಂದು ಕಡೆ ಹಿಪ್ಪುನೇರಳೆ, ಇನ್ನೊಂದು ಕಡೆ ನೀಲಗಿರಿ ಕೋಲಿಗೆ ದಾರ ಬಿಗಿದು ಎತ್ತಿ ನಿಲ್ಲಿಸಿದ ಟೊಮೊಟೊ ಸಾಲು. ಮಾರ್ಚ್ ತಿಂಗಳ ಬೆಳಗು. ಹೊಂಗೆ ಮರಗಳು ಹಳೆಯ ಎಲೆ ಉದುರಿಸಿ ಚಿಗುರಿಗೆ ಬಂದಿದ್ದವು. ಬಿಸಿಲು ಆ ಎಳೆ ಎಲೆಗಳಿಂದ ಸೋಸಿ ಇಳಿಯುವಾಗ ನೆಲದ ನೆರಳಿಗೂ ಒಂದಿಷ್ಟು ಹಸಿರು ಅಂಟಿಕೊಂಡ ಹಾಗಿತ್ತು. ಆಚೆ ಹೊಲದಲ್ಲಿ ಹುಣಸೆ ಬಡಿಯುತ್ತಿದ್ದರು. ಕೋಲಿನ ಪೆಟ್ಟು, ಹಣ್ಣು ಉದುರುವ ಸದ್ದು, ಆಮೇಲೆ ಹೆಂಗಸರ ಮಾತು, ಮತ್ತೆ ಕೋಲಿನ ಪೆಟ್ಟು. ಈ ಸದ್ದುಗಳ ನಡುವೆ ಒಂದು ಹಳೆಯ ಲಾರಿಯ ಎಂಜಿನ್ ಗುರುಗುಡುತ್ತಿತ್ತು. ಬೆನ್ನ ಮೇಲೆ ಕಬ್ಬಿಣದ ಉದ್ದ ತೋಳು, ತೋಳಿನ ತುದಿಯಲ್ಲಿ ಗಾಲಿ, ಗಾಲಿಯಿಂದ ಇಳಿಬಿದ್ದ ಉಕ್ಕಿನ ಹಗ್ಗ. ಊರ ಕಡೆ ಇದನ್ನು ಪಂಪು ಎತ್ತುವ ಗಾಡಿ ಎನ್ನುತ್ತಾರೆ.

ಐದು ದಿನಗಳಿಂದ ಆ ತೋಟಕ್ಕೆ ನೀರು ಬಿದ್ದಿರಲಿಲ್ಲ. ಮೋಟರು ಸುಟ್ಟುಹೋಗಿತ್ತು. ಎತ್ತಿ, ಪೇಟೆಗೆ ಒಯ್ದು, ತಂತಿ ಸುತ್ತಿಸಿ ತಂದಿದ್ದರು; ಇವತ್ತು ಇಳಿಸುವ ದಿನ. ಟೊಮೊಟೊ ಎಲೆಗಳು ಅಂಚಿನಿಂದ ಒಳಕ್ಕೆ ಸುರುಳಿ ತಿರುಗಿದ್ದವು. ಗಿಡಕ್ಕೆ ಕೈ ತಾಗಿದರೆ ಸಾಕು, ಟೊಮೊಟೊ ಎಲೆಯ ಆ ಘಾಟು ವಾಸನೆ ಬೆರಳಿಗೆ ಹತ್ತುತ್ತಿತ್ತು. ತೋಟದೊಡತಿ ಸಾಲಿನ ಕೊನೆಯಲ್ಲಿ ನಿಂತು ಗಿಡ ನೋಡುತ್ತಿರಲಿಲ್ಲ, ಬೋರಿನ ಬಾಯಿಯನ್ನೇ ನೋಡುತ್ತಿದ್ದರು. ಇನ್ನು ಹತ್ತು ದಿನಕ್ಕೆ ಕಾಯಿ ತಿರುಗಬೇಕು, ಹದಿನೈದು ಕೆಜಿ ಬಾಕ್ಸುಗಳಲ್ಲಿ ಕೋಲಾರದ ಮಂಡಿಗೆ ಹೋಗಬೇಕು. ಅವರ ಸೆರಗಿನ ಗಂಟಿನಲ್ಲಿ ಅರಿಶಿನ, ಕುಂಕುಮ, ಒಂದು ನಿಂಬೆಹಣ್ಣು ಇದ್ದವು.

ಬೋರಿನ ಬಾಯಿ ಎಂದರೆ ನೆಲದಿಂದ ಒಂದು ಮೊಳ ಮೇಲೆ ಚಾಚಿಕೊಂಡ ಕೇಸಿಂಗ್ ಪೈಪು. ಆರೂವರೆ ಇಂಚಿನ ಕತ್ತಲೆ. ಕಿವಿ ಕೊಟ್ಟರೆ ತಣ್ಣನೆಯ ಉಸಿರು ಮುಖಕ್ಕೆ ತಗಲುತ್ತದೆ, ಆ ಉಸಿರಿಗೆ ತುಕ್ಕಿನದೂ ಒದ್ದೆ ಕಲ್ಲಿನದೂ ವಾಸನೆ. ಮೇಲಿನ ಸಡಿಲ ಮಣ್ಣು ಮುಗಿಯುವವರೆಗೆ ಮಾತ್ರ ಈ ಪೈಪಿನ ಗೋಡೆ. ಅಲ್ಲಿಂದಾಚೆ ಬರೀ ಬಂಡೆ.

ಕೆಲಸ ಶುರುವಾಯಿತು. ಮೊದಲು ಮೋಟರು, ಅದರ ಮೇಲೆ ಪಂಪು, ಅದರ ಮೇಲೆ ಮೊದಲ ಪೈಪು. ಗಾಡಿಯ ಹುಡುಗ ಲಿವರ್ ಎಳೆದಾಗ ಉಕ್ಕಿನ ಹಗ್ಗ ಸೆಟೆದು ನಿಂತಿತು. ಇಡೀ ಸರಂಜಾಮು ನೆಲ ಬಿಟ್ಟು, ಒಂದು ಸಲ ತೂಗಾಡಿ, ಬೋರಿನ ಬಾಯಿಗೆ ಸರಿಯಾಗಿ ಬಂದು ನಿಂತಿತು. ಕೋಲಾರ ಸೀಮೆಯಲ್ಲಿ ಕೆಲಸದ ಮಾತು ಎರಡು ನುಡಿಯಲ್ಲಿ ನಡೆಯುತ್ತದೆ. "ದಿಂಚು, ದಿಂಚು, ಮೆಲ್ಲಗಾ" ಎಂದು ಒಬ್ಬ ಕೂಗಿದರೆ, "ಬಿಡು ಬಿಡು, ಇನ್ನೊಂಚೂರು ಬಿಡು" ಎಂದು ಇನ್ನೊಬ್ಬ, "ಆಪು!" ಎಂದಾಗ ಮಾತ್ರ ಎಲ್ಲರ ಕೈಯೂ ಒಟ್ಟಿಗೆ ನಿಲ್ಲುತ್ತದೆ. ಪೈಪು ಇಳಿದಂತೆಲ್ಲ ಚಪ್ಪಟೆ ಕೇಬಲ್ಲು ಸುರುಳಿ ಬಿಚ್ಚಿಕೊಂಡು ಜೊತೆಗೆ ಇಳಿಯುತ್ತದೆ. ಒಬ್ಬ ಹುಡುಗ ಅದನ್ನು ಪೈಪಿಗೆ ರಬ್ಬರ್ ಪಟ್ಟಿಯಿಂದ ಕಟ್ಟುತ್ತಾ ಹೋಗುತ್ತಾನೆ, ಹೂ ಕಟ್ಟುವವರ ಬೆರಳಿನ ಲಯದಲ್ಲಿ.

ಇಷ್ಟರಲ್ಲಿ ನನ್ನ ಕಣ್ಣು ಹೋಗಿ ನಿಂತದ್ದು ಬೋರಿನ ಬಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಹಿರಿಯರ ಮೇಲೆ. ಖಾಕಿ ಪ್ಯಾಂಟು, ಬನಿಯನ್ನು, ತಲೆಗೆ ಸುತ್ತಿದ ಕೆಂಪು ಟವೆಲು. ಮುಂದೆ ಗೋಣಿತಾಟು ಹಾಸಿ ಅದರ ಮೇಲೆ ಪಾನಾಗಳನ್ನು ಅಳತೆಯ ಪ್ರಕಾರ ಸಾಲಾಗಿ ಇಟ್ಟುಕೊಂಡಿದ್ದರು, ಎಲ್ಲದರ ಬಾಯಿಯೂ ಒಂದೇ ದಿಕ್ಕಿಗೆ. ಹುಡುಗರು ಅವರನ್ನು ಮಿಲ್ಟ್ರಿ ಮಾವ ಎಂದು ಕರೆಯುತ್ತಿದ್ದರು. ಅವರ ಪಾಲಿನ ಕೆಲಸ ಒಂದೇ, ಕ್ಲಾಂಪು ಬಿಗಿಯುವುದು. ಬೇರೆ ಯಾರೂ ಅದಕ್ಕೆ ಕೈ ಹಾಕುವಂತಿಲ್ಲ.

ಕ್ಲಾಂಪು ಎಂದರೆ ದಪ್ಪ ಕಬ್ಬಿಣದ ಎರಡು ಪಟ್ಟಿ, ನಡುವೆ ಅರ್ಧ ಚಂದ್ರನ ಹಾಗೆ ಬಗ್ಗಿಸಿದ್ದು. ಎರಡನ್ನೂ ಪೈಪಿನ ಎರಡು ಮಗ್ಗುಲಿಗೆ ತಂದು ಜೋಡಿಸಿದರೆ ಒಂದು ಪೂರಾ ಉಂಗುರ. ಆಚೀಚೆ ಚಾಚಿದ ಕಿವಿಗಳಲ್ಲಿ ಬೋಲ್ಟು, ಬೋಲ್ಟಿಗೆ ನಟ್ಟು. ಇಂಥ ಜೋಡಿ ಎರಡು ಇರುತ್ತವೆ. ಒಂದು ಬೋರಿನ ಬಾಯಿಯ ಮೇಲೆ ಕೂತು ಆಗಲೇ ಇಳಿದಿರುವ ಪೈಪುಗಳನ್ನೆಲ್ಲ ಹಿಡಿದು ನಿಂತಿರುತ್ತದೆ. ಇನ್ನೊಂದು ಹೊಸ ಪೈಪಿನ ಕುತ್ತಿಗೆಗೆ ಬಿದ್ದು ಹಗ್ಗದ ಜೊತೆ ಮೇಲೇರುತ್ತದೆ. ಹೊಸ ಪೈಪಿನ ಬುಡವನ್ನು ಹಳೆಯದರ ಸಾಕೆಟ್ಟಿಗೆ ತಿರುಗಿಸಿ ಕೂಡಿಸಿದ ಮೇಲೆ ಭಾರವನ್ನೆಲ್ಲ ಒಂದು ಅಂಗುಲ ಮೇಲೆತ್ತಿ, ಕೆಳಗಿನ ಕ್ಲಾಂಪು ಬಿಚ್ಚಿ, ಇಪ್ಪತ್ತು ಅಡಿ ಇಳಿಸುತ್ತಾರೆ. ಈಗ ಮೇಲಿನ ಕ್ಲಾಂಪು ಬಂದು ಬಾಯಿಯ ಮೇಲೆ ಕೂರುತ್ತದೆ. ಹಿಡಿದಿದ್ದವನು ಬಿಡುವ ಮೊದಲು ಇನ್ನೊಬ್ಬ ಹಿಡಿದಿರಬೇಕು. ಆ ದಿನ ಇದು ಅರವತ್ತು ಸಲ ನಡೆಯಬೇಕಿತ್ತು.

ಅವರ ಕೈ ನೋಡುತ್ತಾ ಕೂತೆ. ಮೊದಲು ಪೈಪನ್ನು ಒಣ ಬಟ್ಟೆಯಿಂದ ಒರೆಸುತ್ತಿದ್ದರು. ಎಣ್ಣೆ, ಕೆಸರು, ಕೊನೆಗೆ ಬೆವರ ಹನಿ ಕೂಡ ಇರಕೂಡದು. ಕ್ಲಾಂಪಿನ ಒಳಮೈಯನ್ನೂ ಹೆಬ್ಬೆರಳಿನಿಂದ ತಡವಿ ನೋಡುತ್ತಿದ್ದರು. ಒಂದು ಮರಳ ಕಣ ಸಿಕ್ಕಿಕೊಂಡರೂ ಹಿಡಿತವೆಲ್ಲ ಆ ಕಣದ ಮೇಲೇ ಬೀಳುತ್ತದೆ. ಆಮೇಲೆ ಸಾಕೆಟ್ಟಿನ ಕೆಳಗೆ ಒತ್ತಿ ಕೂರಿಸಿ ಎರಡೂ ನಟ್ಟುಗಳನ್ನು ಬೆರಳಲ್ಲೇ ಹತ್ತಿಸುತ್ತಿದ್ದರು. ಪಾನಾ ಬರುವುದು ಅದಾದ ಮೇಲೆ. ಎಡಕ್ಕೆ ಅರ್ಧ ಸುತ್ತು, ಬಲಕ್ಕೆ ಅರ್ಧ ಸುತ್ತು. ಎಡಕ್ಕೆ ಕಾಲು, ಬಲಕ್ಕೆ ಕಾಲು. ನಡುವೆ ಎರಡು ಕಿವಿಗಳ ನಡುವಿನ ಸಂದಿಗೆ ಬಿದಿರ ಸೀಳೊಂದನ್ನು ತೂರಿಸಿ ನೋಡುತ್ತಿದ್ದರು. ಎಡದ ಸಂದಿಯಲ್ಲಿ ಎಷ್ಟು ಬಿಗಿಯಾಗಿ ಹೋಯಿತೋ ಬಲದಲ್ಲೂ ಅಷ್ಟೇ ಬಿಗಿಯಾಗಿ ಹೋಗಬೇಕು. ಹೋಗದಿದ್ದರೆ ಎರಡೂ ನಟ್ಟು ಸಡಿಲಿಸಿ ಮತ್ತೆ ಮೊದಲಿನಿಂದ. ಅಷ್ಟೊತ್ತಿಗೆ ಗಾಡಿಯ ಹುಡುಗ ಚಡಪಡಿಸುತ್ತಿದ್ದ. ಮಾವ ಕತ್ತೆತ್ತಿ ನೋಡುತ್ತಿರಲಿಲ್ಲ.

"ಇನ್ನೂ ಒಂಚೂರು ತಿರುಗ್ತೈತೆ ಅಂತ ಕೈಗೆ ಗೊತ್ತಾಗ್ತೈತೆ ಸಾರ್. ಆವಾಗ್ಲೇ ಬಿಟ್ಬಿಡ್ಬೇಕು" ಎಂದರು, ನನ್ನ ಕಡೆ ನೋಡದೆ.

ಬಿಡದಿದ್ದರೆ? ಪೈಪು ದುಂಡಗೆ ಉಳಿಯುವುದಿಲ್ಲ, ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಮೊಟ್ಟೆಯಾದ ಪೈಪನ್ನು ದುಂಡು ಉಂಗುರ ಎರಡೇ ಕಡೆ ಹಿಡಿದೀತು, ಸುತ್ತಲೂ ಅಲ್ಲ. ಜಾಸ್ತಿ ಬಿಗಿದಷ್ಟೂ ಹಿಡಿತ ಕಡಿಮೆಯಾಗುವ ಹಂತವೊಂದು ಇದೆ ಎಂಬುದು ನನಗೆ ಹೊಳೆದದ್ದು ಆ ಬೋರಿನ ಬಾಯಿಯಲ್ಲಿ ಕೂತಾಗಲೇ. ಪ್ಲಾಸ್ಟಿಕ್ ಪೈಪಾಗಿದ್ದರಂತೂ ಕೂದಲೆಳೆಯ ಬಿರುಕು ಬಿಟ್ಟು, ಯಾವತ್ತೋ ಒಂದು ರಾತ್ರಿ ಮೋಟರು ಶುರುವಾಗುವ ಕುಲುಕಿಗೆ ತುಂಡಾಗುತ್ತದೆ.

ಎರಡು ಇಂಚಿನ ಜಿಐ ಪೈಪು ಮೀಟರಿಗೆ ಸುಮಾರು 5 ಕೆಜಿ ತೂಗುತ್ತದೆ. ಇಪ್ಪತ್ತು ಅಡಿಯ ಒಂದು ಪೈಪಿಗೆ 30 ಕೆಜಿ. ಅರವತ್ತು ಪೈಪು ಇಳಿದಾಗ 1,200 ಅಡಿ, 1,800 ಕೆಜಿ. ಪಂಪು ಓಡುವಾಗ ಒಳಗೆ ತುಂಬಿ ನಿಲ್ಲುವ ನೀರೇ ಇನ್ನೊಂದು 800 ಕೆಜಿ. ಮೋಟರು, ಪಂಪು, ಕೇಬಲ್ಲು ಬೇರೆ. ಇಷ್ಟನ್ನೂ ಕೊನೆಗೆ, ವರ್ಷಾನುಗಟ್ಟಲೆ, ಅಂಗೈ ಅಗಲದ ಎರಡು ಅರ್ಧ ಉಂಗುರಗಳು ಹಿಡಿದು ನಿಂತಿರಬೇಕು.

ಈ ಲೆಕ್ಕ ನನಗೆ ಬಾಯಿಪಾಠವಾಗಲು ಕಾರಣವಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಯ ಬೋರಿಗೆ ಪಂಪು ಬಿತ್ತು. ಅವತ್ತು ಬಂದಿದ್ದವರಿಗೆ ಸಂಜೆಯೊಳಗೆ ಇನ್ನೊಂದೂರಿಗೆ ಹೋಗಬೇಕಿತ್ತು. ಕ್ಲಾಂಪನ್ನು ಸಾಕೆಟ್ಟಿನ ಕೆಳಗೆ ಹಾಕುವ ಬದಲು ಪೈಪಿನ ನಡುವೆ ಹಾಕಿದರು, ಒಂದು ಮಗ್ಗುಲ ನಟ್ಟನ್ನು ಪೂರಾ ಬಿಗಿದು ಇನ್ನೊಂದಕ್ಕೆ ನಾಲ್ಕು ಸುತ್ತು ಕೊಟ್ಟರು. ಸಾಕೆಟ್ಟಿನ ಕೆಳಗಿದ್ದಿದ್ದರೆ ಜಾರಿದರೂ ಸಾಕೆಟ್ಟು ಬಂದು ತಡೆಯುತ್ತಿತ್ತು. ಪೈಪು ಜಾರುವ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಉದ್ದನೆಯ ಒಂದು ಕೀರಲು, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಆಮೇಲೆ ನೆಲದೊಳಗಿಂದ ಒಂದು ಗುದ್ದು. ನಮ್ಮ ತಂದೆ ಬೋರಿನ ಬಾಯಿಗೆ ಒಂದು ಗೋಣಿಚೀಲ ಮುಚ್ಚಿ, ಅದರ ಮೇಲೊಂದು ಚಪ್ಪಡಿ ಇಟ್ಟು, ಮನೆಗೆ ಬಂದು ಕೈಕಾಲು ತೊಳೆದುಕೊಂಡರು. ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಹಾಗೆ ನೋಡಿದರೆ ಇಷ್ಟು ಆಳಕ್ಕೆ ಇಳಿಯಬೇಕಾದ ಸೀಮೆಯೇ ಅಲ್ಲ ಇದು. ನಂದಿಬೆಟ್ಟದ ಕಡೆ ಹುಟ್ಟುವ ಪಾಲಾರ್ ಈ ಜಿಲ್ಲೆಯನ್ನು ಹಾದು ಹೋಗುತ್ತದಾದರೂ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ ಎಂಬುದನ್ನು ಹಿಂದಿನವರು ಚೆನ್ನಾಗಿ ಅರಿತು ಕೆರೆ ಕಟ್ಟಿದರು. ಒಂದರ ಕೋಡಿ ಇನ್ನೊಂದರ ಒಡಲಿಗೆ, ಅದರದು ಮತ್ತೊಂದಕ್ಕೆ. ಸುಗಟೂರಿನ ಪಾಳೆಯಗಾರರ ಹೆಸರು ಈ ಸೀಮೆಯ ಶಾಸನಗಳಲ್ಲಿದೆ. ಹದಿನಾರನೇ ಶತಮಾನದ ಕೊನೆಯಲ್ಲಿ ಹೊಸಕೋಟೆಯನ್ನು ಕಟ್ಟಿದ ತಮ್ಮೇಗೌಡ ಇದೇ ಮನೆತನದವನು. ಕೆರೆಯ ಕೆಳಗೆ ಬಾವಿ, ಬಾವಿಗೆ ಕಪಿಲೆ, ಕಪಿಲೆಗೆ ಎತ್ತು. ಇಳಿಜಾರಿನಲ್ಲಿ ಎತ್ತು ಇಳಿದಾಗ ಚರ್ಮದ ಬಾನಿ ಮೇಲೆ ಬರುತ್ತಿತ್ತು. ಆ ಸದ್ದನ್ನು ಕೇಳಿದ ಅಜ್ಜಂದಿರು ಈಗಲೂ ಕೆಲವರಿದ್ದಾರೆ. ಬಾವಿ ಒಣಗಿದವು, ಬಾವಿಯೊಳಗೇ ಬೋರು ಕೊರೆದರು. ಅದೂ ಒಣಗಿತು. ಇನ್ನೂರು ಅಡಿ ನಾನೂರಾಯಿತು, ನಾನೂರು ಎಂಟುನೂರಾಯಿತು, ಸಾವಿರ ದಾಟಿತು. ಆಳದ ನೀರಿನ ಜೊತೆ ಫ್ಲೋರೈಡ್ ಬಂತು, ಊರ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬಂತು. 2018ರ ಜೂನ್‌ನಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರದ ಕೆರೆಗೆ ಬಂದು ಬಿತ್ತು. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಆ ನೀರಿನ ಶುದ್ಧಿಯ ಬಗ್ಗೆ ಜಗಳ ಇನ್ನೂ ನಡೆದಿದೆ. ಎರಡು ಸುತ್ತು ಶುದ್ಧಿ ಸಾಲದು, ಮೂರನೆಯದೂ ಬೇಕು ಎನ್ನುವವರ ಮಾತು ಸರಿ ಎಂದೇ ನನ್ನ ಎಣಿಕೆ. ಆದರೂ ತುಂಬಿದ ಕೆರೆಯ ಮೇಲೆ ಬೆಳ್ಳಕ್ಕಿ ಇಳಿದದ್ದನ್ನು ಕಂಡು ಏರಿಯ ಮೇಲೆ ನಿಂತು ಕೈಮುಗಿದವರನ್ನು ನಾನು ನೋಡಿದ್ದೇನೆ.

ಮೂವತ್ತೆರಡನೇ ಪೈಪು ಇಳಿದಾಗ ಊಟಕ್ಕೆ ಕರೆ ಬಂತು. ಮಾವ ಕ್ಲಾಂಪನ್ನು ಇನ್ನೊಮ್ಮೆ ತಡವಿ, ಎರಡೂ ನಟ್ಟಿನ ಮೇಲೆ ಪಾನಾ ಇಟ್ಟು ತಿರುಗುತ್ತದೋ ಎಂದು ನೋಡಿ, ಬೋರಿನ ಬಾಯಿಗೆ ಗೋಣಿ ಹೊದಿಸಿ ಎದ್ದರು. ಹುಣಸೆ ಮರದ ಕೆಳಗೆ ಮುದ್ದೆ, ಹುರುಳಿಕಾಳಿನ ಸಾರು, ಹಸಿ ಈರುಳ್ಳಿ. ಉಣ್ಣುವಾಗ ಯಾರೂ ಬೋರಿನ ಮಾತು ಆಡಲಿಲ್ಲ, ಆದರೆ ಎಲ್ಲರೂ ಆ ಕಡೆಗೇ ಮುಖ ಮಾಡಿ ಕೂತಿದ್ದರು. ಆರುನೂರ ನಲವತ್ತು ಅಡಿ ಪೈಪು ಅಲ್ಲಿ ಗೋಣಿಯ ಕೆಳಗೆ ತೂಗುತ್ತಿತ್ತು.

ಕೈ ತೊಳೆದು ಬಂದ ಮೇಲೆ ಕೇಳಿದೆ, ಈ ಅರ್ಧ ಸುತ್ತು, ಕಾಲು ಸುತ್ತಿನ ಲೆಕ್ಕ ಎಲ್ಲಿ ಕಲಿತಿರಿ ಎಂದು.

"ಬಂದೂಕಿನ ಹತ್ರ" ಎಂದರು.

ಸೈನ್ಯದ ರಿಪೇರಿ ವಿಭಾಗವಾದ ಇಎಂಇ ಪಡೆಯಲ್ಲಿ ಅವರು ಆರ್ಮರರ್ ಆಗಿದ್ದವರು. ಬಂದೂಕು ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಜೋಡಿಸಿ ಸಿಪಾಯಿಯ ಕೈಗೆ ಕೊಡುವ ಕೆಲಸ. ಗುರಿಕಾರರ ರೈಫಲ್ಲುಗಳ ಮೇಲೆ ಸ್ಕೋಪು ಕೂರಿಸುವುದೂ ಅವರ ಪಾಲಿಗೆ ಬರುತ್ತಿತ್ತು. ಸ್ಕೋಪು ಎಂದರೆ ಬಂದೂಕಿನ ಬೆನ್ನಿಗೆ ಕಟ್ಟಿದ ದುರ್ಬೀನು, ಒಳಗೆ ಕೂದಲೆಳೆಯಂಥ ಎರಡು ಗೆರೆಗಳ ಒಂದು ಅಡ್ಡಕತ್ತರಿ. ಮಾವ ಎದ್ದು ಹೋಗಿ ಲಾರಿಯಿಂದ ಒಂದು ಇಂಚಿನ ಪೈಪು ತುಂಡು, ಅದೇ ಅಳತೆಯ ಎರಡು ಸಣ್ಣ ಕ್ಲಾಂಪು, ಒಂದು ಹಲಗೆ ತಂದರು. "ಸ್ಕೋಪಿನ ಕೊಳವೆನೂ ಇಷ್ಟೇ ದಪ್ಪ ಸಾರ್. ಒಂದಿಂಚು, ಇಲ್ಲಾಂದ್ರೆ ಮೂವತ್ತು ಎಂ.ಎಂ." ಹುಡುಗರು ಬೀಡಿ ಆರಿಸಿ ಹತ್ತಿರ ಬಂದು ಕೂತರು.

ಎಲ್ಲ ರೈಫಲ್ಲಿಗೂ ಉಂಗುರ ಇರುವುದಿಲ್ಲವಂತೆ. ಡ್ರಾಗುನೋವ್ ಎಂಬ ರೈಫಲ್ಲಿನ ಸ್ಕೋಪನ್ನು ಬಂದೂಕಿನ ಪಕ್ಕದ ಹಳಿಗೆ ಜಾರಿಸಿ ಹಿಡಿಕೆ ಮಡಚಿದರೆ ಮುಗಿಯಿತು. ಬೇರೆಯವಕ್ಕೆ ಮೇಲ್ಗಡೆ ಹಲ್ಲುಹಲ್ಲಾಗಿ ಕೊರೆದ ಹಳಿ ಇರುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಪಿಕಟಿನ್ನಿ ಎಂಬ ಶಸ್ತ್ರಾಗಾರದ ಹೆಸರನ್ನೇ ಆ ಹಳಿಗೆ ಇಟ್ಟಿದ್ದಾರೆ. 1995ರಲ್ಲಿ ಅದರ ಅಳತೆ ಇಂತಿಷ್ಟೇ ಎಂದು ಗೊತ್ತುಮಾಡಿದರು. ಆ ಹಲ್ಲುಗಳ ಮೇಲೆ ಉಂಗುರದ ಕೆಳ ಅರ್ಧ ಕೂರುತ್ತದೆ. ಕೂರಿಸಿ, ಬಿಗಿಯುವ ಮೊದಲು, ನಳಿಗೆಯ ಕಡೆಗೆ ಒತ್ತಿ ಹಿಡಿಯಬೇಕು. ಯಾಕೆಂದರೆ ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ, ಸ್ಕೋಪು ಇದ್ದಲ್ಲೇ ಇರಲು ನೋಡುತ್ತದೆ. ಮೊದಲೇ ಹಲ್ಲಿನ ಮುಂದಿನ ಅಂಚಿಗೆ ತಾಗಿ ಕೂತಿದ್ದರೆ ಜರುಗಲು ಜಾಗವಿಲ್ಲ. ಒಂದು ಸಾಸಿವೆಯಷ್ಟು ಜಾಗ ಬಿಟ್ಟರೂ ಮೊದಲ ಗುಂಡಿಗೇ ಅದು ಜರುಗುತ್ತದೆ.

ಹಲಗೆಯ ಮೇಲೆ ಎರಡು ಕ್ಲಾಂಪುಗಳನ್ನು ಒಂದು ಗೇಣಿಗಿಂತ ಕಡಿಮೆ ಅಂತರದಲ್ಲಿ ಇಟ್ಟು ಪೈಪು ತುಂಡನ್ನು ಮಲಗಿಸಿದರು. ಎರಡೂ ಉಂಗುರ ಒಂದೇ ನೇರದಲ್ಲಿರಬೇಕು. ಒಂದು ಕೊಂಚ ಓರೆಯಾಗಿದ್ದರೆ ಮೇಲಿನ ಅರ್ಧ ಬಿಗಿದಾಗ ಕೊಳವೆ ಬಾಗುತ್ತದೆ. ಹೊರಗೆ ಕಾಣದು, ಒಳಗಿನ ಗಾಜುಗಳಿಗೆ ಗೊತ್ತಾಗುತ್ತದೆ. ಅದಕ್ಕೇ ಸ್ಕೋಪಿನಷ್ಟೇ ದಪ್ಪದ ಉಕ್ಕಿನ ಸಲಾಕೆಗೆ ಅರೆಯುವ ಪುಡಿ ಹಚ್ಚಿ ಎರಡೂ ಉಂಗುರಗಳ ಮೇಲೆ ಹಿಂದೆ ಮುಂದೆ ಆಡಿಸುತ್ತಿದ್ದರಂತೆ. ಕಪ್ಪು ಬಣ್ಣ ಎಲ್ಲಿ ಸವೆದು ಬಿಳುಪು ಕಾಣುತ್ತದೋ ಅಲ್ಲಿ ಮಾತ್ರ ತಾಗುತ್ತಿದೆ ಎಂದು ಅರ್ಥ. ಆ ಬಿಳುಪು ಒಳಮೈಯ ಬಹುಪಾಲಿಗೆ ಹರಡಿ, ಎರಡೂ ಉಂಗುರದಲ್ಲಿ ಒಂದೇ ಸಮ ಕಾಣುವವರೆಗೆ ಅರೆಯಬೇಕು. "ನಮ್ಮಮ್ಮ ಒರಳಲ್ಲಿ ರುಬ್ತಾ ಇದ್ರಲ್ಲ, ಅಂಗೇ. ಆತುರ ಬಿದ್ರೆ ಹಳ್ಳ ಬೀಳ್ತೈತೆ" ಎಂದರು. ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತಿರುಪಿನ ಮರೆಗಳಲ್ಲಿ ಎಣ್ಣೆಯ ಹನಿಯೂ ಇಲ್ಲದಂತೆ ಮಾಡಬೇಕು. ಮರೆಯಲ್ಲಿ ಎಣ್ಣೆ ಇದ್ದರೆ ಅದೇ ಬಲಕ್ಕೆ ತಿರುಪು ಇನ್ನಷ್ಟು ಒಳಹೋಗಿ ಕೊಳವೆಯನ್ನು ಅಮುಕಿಬಿಡುತ್ತದೆ.

ಇನ್ನು ಸಿಪಾಯಿಯನ್ನು ಕರೆಸಬೇಕು. ಅವನು ಕೆನ್ನೆಯನ್ನು ಬಂದೂಕಿನ ಮರಕ್ಕೆ ಒತ್ತಿ, ಕಣ್ಣುಮುಚ್ಚಿ, ಆರಾಮವಾಗಿ ಕೂತ ಮೇಲೆ ಕಣ್ಣು ಬಿಡಬೇಕು. ಬಿಟ್ಟ ಕೂಡಲೇ ತುಂಬು ಚಂದ್ರನ ಹಾಗೆ ನೋಟ ಕಾಣಬೇಕು. ಅಂಚಿನಲ್ಲಿ ಕಪ್ಪು ಗ್ರಹಣ ಹಿಡಿದಿದ್ದರೆ ಸ್ಕೋಪನ್ನು ಹಿಂದಕ್ಕೋ ಮುಂದಕ್ಕೋ ಸರಿಸಬೇಕು. ಕಣ್ಣಿಗೂ ಗಾಜಿಗೂ ಮೂರು ನಾಲ್ಕು ಇಂಚಿನ ಅಂತರ ಬೇಕೇ ಬೇಕು, ಕಡಿಮೆಯಾದರೆ ಒದೆತಕ್ಕೆ ಹುಬ್ಬು ಸೀಳುತ್ತದೆ. ಮಾವ ತಮ್ಮ ಬಲ ಹುಬ್ಬಿನ ಮೇಲೆ ಬೆರಳಾಡಿಸಿದರು. ಅರ್ಧಚಂದ್ರದ ಒಂದು ಹಳೆಯ ಗಾಯದ ಗುರುತು ಅಲ್ಲಿತ್ತು.

ಆಮೇಲೆ ಗಾರೆಯವರ ತೂಕದ ಗುಂಡು. ಒಂದು ದಾರಕ್ಕೆ ಕಲ್ಲು ಕಟ್ಟಿ ಹುಣಸೆಯ ಕೊಂಬೆಗೆ ಇಳಿಬಿಟ್ಟು ತೋರಿಸಿದರು. ಗಾಳಿಯಿಲ್ಲದ ಕಡೆ, ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ ಇಂಥ ದಾರ ತೂಗುಹಾಕಿ, ಬಂದೂಕನ್ನು ಮಟ್ಟಸವಾಗಿ ಕಟ್ಟಿ, ಸ್ಕೋಪಿನೊಳಗಿನ ನಿಂತ ಗೆರೆ ಆ ದಾರದ ಮೇಲೆ ಕೂರುವವರೆಗೆ ಕೊಳವೆಯನ್ನು ತಿರುಗಿಸಬೇಕು. ಗುಂಡು ದೂರ ಹೋದಷ್ಟೂ ನೇರ ಭೂಮಿಯ ಕಡೆ ಬೀಳುತ್ತದೆ. ಗೆರೆ ವಾಲಿದ್ದರೆ ಮೇಲಕ್ಕೆ ಹಿಡಿದೆನೆಂದು ಗುರಿಕಾರ ತಿಳಿದದ್ದು ಪಕ್ಕಕ್ಕೂ ಹೋಗಿರುತ್ತದೆ.

ತಿರುಪು ಬಿಗಿಯುವುದು ಇಷ್ಟೆಲ್ಲ ಆದ ಮೇಲೆ. ಒಂದೊಂದು ಉಂಗುರದ ಮೇಲರ್ಧಕ್ಕೆ ನಾಲ್ಕು ತಿರುಪು. ಎದುರುಬದುರಿನ ಮೂಲೆಗಳಿಗೆ, ಕಾಲು ಕಾಲು ಸುತ್ತು. ಎರಡೂ ಮಗ್ಗುಲ ಸಂದಿ ಒಂದೇ ಸಮ ಇರಬೇಕು. ಒಂದು ಮಗ್ಗುಲನ್ನು ಮೊದಲೇ ಬಿಗಿದುಬಿಟ್ಟರೆ ಇನ್ನೊಂದು ಮಗ್ಗುಲು ಬಿಗಿಯುವಾಗ ಕೊಳವೆ ಅದರ ಜೊತೆ ತಿರುಗಿ, ಅಷ್ಟು ಹೊತ್ತು ದಾರಕ್ಕೆ ಕೂರಿಸಿದ ಗೆರೆ ವಾಲುತ್ತದೆ. ಎಷ್ಟು ಬಿಗಿಯಬೇಕು ಎಂದರೆ ಉಂಗುರ ಮಾಡಿದವರು ಬರೆದುಕೊಟ್ಟ ಅಂಕಿಯೇ ಅಂಕಿ. ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡು. ಅದನ್ನು ಅಳೆಯಲೆಂದೇ ಟಾರ್ಕ್ ರೆಂಚು ಇದೆ, ಅಂಕಿ ಮುಟ್ಟಿದಾಗ ಟಕ್ ಎನ್ನುತ್ತದೆ. ಹುಡುಗರಲ್ಲಿ ಒಬ್ಬ, ಅಷ್ಟು ಅಂದರೆ ಎಷ್ಟು ಮಾವ ಎಂದು ಕೇಳಿದ. ಮಾವ ಒಂದು ಗೇಣುದ್ದದ ಪಾನಾ ಕೈಗೆತ್ತಿಕೊಂಡು ಅದರ ತುದಿಗೆ ಕುಡಿಯುವ ನೀರಿನ ಲೀಟರು ಬಾಟಲಿ ತೂಗುಹಾಕಿದರು, ತುಂಬಿದ್ದಲ್ಲ, ನಾಲ್ಕು ಗುಟುಕು ಕುಡಿದಿಟ್ಟದ್ದು. "ಇಷ್ಟೇ. ಈ ಬಾಟ್ಲಿ ಎಷ್ಟು ಜಗ್ಗುತ್ತೋ ಅಷ್ಟು."

ಹುಡುಗ ನಂಬದೆ ಬಾಟಲಿಯನ್ನೇ ನೋಡಿದ.

ಅವರು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ಲೆಕ್ಕ ತೋರಿಸಿದರು. ಎರಡು ಉಂಗುರಗಳ ನಡುವೆ ನಾಲ್ಕು ಇಂಚು, ಅಂದರೆ 100 ಮಿ.ಮೀ. ಅದರಲ್ಲಿ ಒಂದು ತುದಿ ಕಾಗದದ ಹಾಳೆಯ ದಪ್ಪದಷ್ಟು, ಮಿಲಿಮೀಟರಿನ ಹತ್ತನೇ ಒಂದು ಪಾಲು ಜರುಗಿತು ಎನ್ನಿ. ನೂರು ಮೀಟರಿನಲ್ಲಿ ಗುಂಡು 10 ಸೆಂ.ಮೀ. ಆಚೆ. ಮುನ್ನೂರು ಮೀಟರಿನಲ್ಲಿ 30. ಹಾಳೆಯೊಂದರ ದಪ್ಪ ಅಲ್ಲಿಗೆ ಹೋಗುವಷ್ಟರಲ್ಲಿ ಒಂದು ಅಡಿಯಾಗಿರುತ್ತದೆ. ಹಾಗೆಂದು ಬಲವೆಲ್ಲ ಹಾಕಿ ಬಿಗಿದರೆ ಅಲ್ಯೂಮಿನಿಯಂ ಕೊಳವೆಗೆ ಉಂಗುರದ ಅಚ್ಚು ಬಿದ್ದು, ಒಳಗೆ ಸರಿದಾಡಬೇಕಾದ ಗಾಜು ಸಿಕ್ಕಿಕೊಳ್ಳುತ್ತದೆ.

ಕೊಳವೆಯನ್ನು ಬಿಗಿದು ಕಟ್ಟುವ ವಿದ್ಯೆ ಈ ನೆಲಕ್ಕೆ ಹೊಸದೂ ಅಲ್ಲ. ಇಲ್ಲಿಂದ ದೂರವಲ್ಲದ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಸೇನೆ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಹಾರಿಸುತ್ತಿತ್ತು. ಕೊಳವೆಯನ್ನು ಉದ್ದನೆಯ ಬಿದಿರಿಗೆ ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. ಆ ಪಟ್ಟಿ ಸುತ್ತುತ್ತಿದ್ದ ಬೆರಳುಗಳಿಗೂ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿದ್ದಿರಲೇಬೇಕು. ಇತಿಹಾಸದ ಪುಸ್ತಕಗಳಲ್ಲಿ ರಾಕೆಟ್ಟು ಹಾರಿದ್ದನ್ನು ಓದುವಾಗಲೆಲ್ಲ ನನಗೆ ಆ ಬೆರಳುಗಳನ್ನು ಕಾಣುವ ಆಸೆ.

"ಮಿಲ್ಟ್ರಿ ಮಾವಾ, ಹೊತ್ತಾಯ್ತು" ಎಂದು ಗಾಡಿಯ ಹುಡುಗ ಕೂಗಿದ. ಗೋಣಿ ತೆಗೆದು ನೋಡಿದರೆ ಕ್ಲಾಂಪು ಇಟ್ಟಲ್ಲೇ ಇತ್ತು.

ಮಧ್ಯಾಹ್ನದ ಬಿಸಿಲಲ್ಲಿ ಪೈಪುಗಳು ಕೈ ಸುಡುತ್ತಿದ್ದವು. ಸಾಕೆಟ್ಟಿನ ಮರೆಗೆ ಸೆಣಬಿನ ನಾರು ಸುತ್ತಿ, ಬಿಳಿ ಪೇಸ್ಟು ಬಳಿದು, ಇಬ್ಬರು ಎದುರುಬದುರು ನಿಂತು ಪೈಪ್ ಪಾನಾ ಹಾಕಿ ಗುಡಿಯ ಗಂಟೆ ಜಗ್ಗುವವರ ಹಾಗೆ ತೂಗಿ ತಿರುಗಿಸುತ್ತಿದ್ದರು. ನಲವತ್ತು, ನಲವತ್ತೈದು. ಒಂದು ಸಲ ಹಗ್ಗ ಗಾಲಿಯಲ್ಲಿ ಜಿಗಿದು ಎಲ್ಲ ಒಂದು ಗೇಣು ಕೆಳಕ್ಕೆ ಕುಸಿಯಿತು. ತೋಟದೊಡತಿ ಬಾಯಿಗೆ ಸೆರಗು ಒತ್ತಿಕೊಂಡರು. ಕ್ಲಾಂಪು ಕೇಸಿಂಗಿನ ಅಂಚಿಗೆ ಬಡಿದು ಟಣ್ ಎಂದು ನಿಂತಿತು. ಮಾವ ಬಗ್ಗಿ ಕಿವಿಯಿಟ್ಟು ಕೇಳಿದರು. ಕೆಳಗಿಂದ ನೀರು ಅಲುಗುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. "ಏನಿಲ್ಲ ಅಕ್ಕಯ್ಯ, ಹಿಡಿದೈತೆ" ಎಂದರು. ಎರಡೂ ನಟ್ಟನ್ನು ಮತ್ತೆ ಮುಟ್ಟಿ ನೋಡಿ, ಸಂದಿಗೆ ಬಿದಿರ ಸೀಳು ತೂರಿಸಿ ಅಳೆದು, ಆಮೇಲಷ್ಟೇ ಮುಂದಿನ ಪೈಪಿಗೆ ಕೈ ಮಾಡಿದರು.

ಅರವತ್ತನೆಯದು ಇಳಿದಾಗ ಹೊತ್ತು ಹೊಂಗೆ ಮರಗಳ ಕೆಳಗೆ ಜಾರಿತ್ತು. ಇನ್ನು ಬಿಚ್ಚದೆ ಅಲ್ಲೇ ಉಳಿಯಬೇಕಾದ ಕ್ಲಾಂಪಿನ ಸರದಿ. ಅದನ್ನು ಬಿಗಿಯಲು ಅವರು ತೆಗೆದುಕೊಂಡ ಸಮಯದಲ್ಲಿ ಹುಡುಗರು ಪಾನಾಗಳನ್ನೆಲ್ಲ ತೊಳೆದು, ಹಗ್ಗ ಸುತ್ತಿ, ಲಾರಿಗೆ ತುಂಬಿ ಮುಗಿಸಿದ್ದರು. ಎಡಕ್ಕೆ ಕಾಲು, ಬಲಕ್ಕೆ ಕಾಲು. ಕೊನೆಗೆ ಎಂಟರಲ್ಲೊಂದು ಸುತ್ತು. ಕೈ ನಿಂತಿತು.

ಆಮೇಲೆ ಜೇಬಿನಿಂದ ಒಂದು ಸಣ್ಣ ಸೀಸೆ ತೆಗೆದರು. ಕೆಂಪು ಉಗುರುಬಣ್ಣ, ಮೊಮ್ಮಗಳದಂತೆ. ನಟ್ಟಿನ ತಲೆಯಿಂದ ಹಿಡಿದು ಕ್ಲಾಂಪಿನ ಕಿವಿಯವರೆಗೆ ಒಂದು ನೇರ ಗೆರೆ ಎಳೆದರು, ಎರಡೂ ಕಡೆ. ಸ್ಕೋಪಿನ ತಿರುಪುಗಳ ಮೇಲೂ ಹೀಗೇ ಎಳೆಯುತ್ತಿದ್ದರಂತೆ. ನಟ್ಟು ಒಂದಿಷ್ಟು ಜರುಗಿದರೂ ಗೆರೆ ಮುರಿದು ಎರಡಾಗುತ್ತದೆ, ದೂರದಿಂದಲೇ ಕಾಣುತ್ತದೆ. ತೋಟದೊಡತಿ ಅದರ ಪಕ್ಕದಲ್ಲೇ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದು ಎರಡು ಹೋಳಿಟ್ಟು, ಊದುಕಡ್ಡಿ ಹಚ್ಚಿದರು.

ಆ ವಾರ ಅವರ ಲೈನಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ. ಗಾಡಿ ಹೋಯಿತು, ಹುಡುಗರು ಹೋದರು, ಮಾವ ಉಳಿದರು. ಸ್ಟಾರ್ಟರ್ ಬೋರ್ಡಿನ ಗುಡಿಸಲ ಮುಂದೆ ಕೂತು ಕಾದೆವು. ಹತ್ತು ದಾಟಿದ ಮೇಲೆ ಬೋರ್ಡಿನ ಮೂರು ದೀಪಗಳು ಒಂದರ ಹಿಂದೊಂದು ಹೊತ್ತಿದವು. ತೋಟದೊಡತಿ ಹಸಿರು ಗುಂಡಿ ಒತ್ತಿದರು. ಸಾವಿರದ ಇನ್ನೂರು ಅಡಿ ಕೆಳಗೆ ನಿಮಿಷಕ್ಕೆ 2,800ಕ್ಕೂ ಮಿಕ್ಕಿ ಸುತ್ತುವ ಮೋಟರು ಒಮ್ಮೆಲೇ ಎದ್ದಿತು. ಆ ಕುಲುಕು ಅರವತ್ತು ಪೈಪುಗಳನ್ನು ಹತ್ತಿಕೊಂಡು ಬಂದು ಬೋರಿನ ಬಾಯಿಯಲ್ಲಿ ಒಂದು ಸಣ್ಣ ನಡುಕವಾಗಿ ನಮ್ಮ ಅಂಗಾಲಿಗೆ ತಾಗಿತು. ಮೊದಲು ಗಾಳಿ ಉಸುಗುಟ್ಟಿತು. ಆಮೇಲೆ ಕೆಂಪು ಕೆಸರು ಕಾರಿತು. ಆಮೇಲೆ ನೀರು, ಒಂದೂವರೆ ಇಂಚು ನೀರು, ಬೆಚ್ಚಗೆ, ತುಕ್ಕಿನ ವಾಸನೆಯೊಡನೆ, ತಿಳಿಯಾಗುತ್ತಾ ಬಂತು. ತೋಟದೊಡತಿ ಬೊಗಸೆಯೊಡ್ಡಿ ಮುಖಕ್ಕೆ ಎರಚಿಕೊಂಡರು.

ಮಾವ ನೀರಿನ ಕಡೆ ನೋಡಲಿಲ್ಲ. ಮೊಬೈಲಿನ ದೀಪ ಹಚ್ಚಿ ಕ್ಲಾಂಪಿನ ಮುಂದೆ ಮಂಡಿಯೂರಿದ್ದರು. ಬೆಳಕು ಮೊದಲು ಎಡದ ನಟ್ಟಿನ ಮೇಲೆ ನಿಂತಿತು, ಆಮೇಲೆ ಬಲದ ನಟ್ಟಿನ ಮೇಲೆ. ಎರಡೂ ಕೆಂಪು ಗೆರೆಗಳು ನೇರವಾಗಿದ್ದವು.